ಮಾವನ ಮನೆತನದ 1750ರ ಪ್ರೊಬೇಟ್ ಫೈಲು ಸಿಕ್ಕಿದೆ, ಓದೋಕೆ ಸ್ವಲ್ಪ ನೆರವು ಬೇಕು

ವುಸ್ಟರ್ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಮದುವೆಯಾಗಿ ಹದಿನೇಳು ವರ್ಷದಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಗಂಡನ ಮನೆಯವರು ಈ ಸೀಮೆಯಲ್ಲಿ ಮುನ್ನೂರು ವರ್ಷದಿಂದ ಇರುವವರು. ಮಾವನಿಗೆ ಈಗ 84. ಕಣ್ಣು ಮಂಜಾಗಿದೆ, ನೆನಪು ಮಾತ್ರ ಗಟ್ಟಿ.

ಅವರ ಹತ್ತಿರ ಮನೆತನದ ಹಳೇ ಬೈಬಲ್ ಒಂದಿದೆ. ಅದರ ಖಾಲಿ ಹಾಳೆಯಲ್ಲಿ ಯಾರು ಯಾವಾಗ ಹುಟ್ಟಿದರು, ಯಾವಾಗ ತೀರಿಕೊಂಡರು ಅಂತ ಹಿರಿಯರು ಯಾರೋ ಬರೆದಿಟ್ಟಿದ್ದಾರೆ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವವರು ವುಸ್ಟರ್ ಕೌಂಟಿಯ ಒಬ್ಬ ರೈತರು. 'ಫೆಬ್ರವರಿ 1749ರಲ್ಲಿ ತೀರಿಕೊಂಡರು' ಎಂದಿದೆ. ಅವರ ಕೊನೇ ಮಗ ಹುಟ್ಟಿದ್ದು ಮೇ 1749. ನಮ್ಮ ಮನೆಯವರು ಆ ಕೊನೇ ಮಗನ ವಂಶ. ಮನೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ ಇದು: ಆ ಹುಡುಗ ಅಪ್ಪನ ಮುಖವನ್ನೇ ನೋಡಲಿಲ್ಲ. ಅಪ್ಪ ಭಾರಿ ಶ್ರೀಮಂತ, ಹತ್ತಿರ ಹತ್ತಿರ ಮೂರು ಸಾವಿರ ಪೌಂಡ್ ಆಸ್ತಿ. ದೊಡ್ಡಣ್ಣ ಅಷ್ಟನ್ನೂ ಇಟ್ಟುಕೊಂಡು ತಮ್ಮನನ್ನು ಬರಿಗೈಯಲ್ಲಿ ಕಳಿಸಿದ. ಇದನ್ನು ಹೇಳುವಾಗ ಮಾವನ ದನಿ ಇವತ್ತಿಗೂ ಗಡುಸಾಗುತ್ತದೆ.

ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರೋಕೆ ಹೇಳಿದ್ದರು. ನನ್ನ ಕಡೆ ನಾಲ್ಕು ತಲೆಮಾರು ದಾಟಿ ಹೋಗೋಕೆ ಆಗಲಿಲ್ಲ. ಗಂಡನ ಕಡೆ ಹುಡುಕುತ್ತಿದ್ದಾಗ ವಂಶಾವಳಿ ತಾಣ ಫ್ಯಾಮಿಲಿಸರ್ಚ್‌ನಲ್ಲಿ ಈ ಹಿರಿಯರ ಪ್ರೊಬೇಟ್ ಫೈಲೇ, ಅಂದರೆ ಸತ್ತವರ ಆಸ್ತಿ ಇತ್ಯರ್ಥ ಮಾಡಿದ ಕೋರ್ಟಿನ ಕಡತವೇ, ಸಿಕ್ಕಿಬಿಟ್ಟಿತು. 31 ಪುಟದ ಚಿತ್ರಗಳು. ಉಯಿಲು ಕಾಣಿಸುತ್ತಿಲ್ಲ. ಉದ್ದನೆಯ ಸಾಮಾನಿನ ಪಟ್ಟಿ ಇದೆ, ಕೊನೆಯಲ್ಲಿ 2,850 ಪೌಂಡ್ ಎಂದು ಮೊತ್ತ. ಹಾಗಾದರೆ ಶ್ರೀಮಂತರೇ ಅಲ್ವಾ? ಬರಹ ಮಾತ್ರ ಅರ್ಧಕ್ಕರ್ಧ ಅರ್ಥವಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ, ಗೊತ್ತಿದ್ದವರು ಹೇಳಿ.

ಹಳೇ ಕಾಗದ

ಅಕ್ಕ, ಓದಿ ತುಂಬಾ ಸಂತೋಷವಾಯಿತು. ನಾನು ಹತ್ತು ವರ್ಷದಿಂದ ಬಾಸ್ಟನ್‌ನಲ್ಲಿದ್ದೇನೆ, ರಜಾದಿನಗಳಲ್ಲಿ ಇಂಥ ಕಾಗದಗಳನ್ನೇ ಓದುತ್ತೇನೆ. ನಿಮ್ಮದು ಒಳ್ಳೆಯ ಫೈಲು. ಎಷ್ಟೋ ಜನರಿಗೆ ಎರಡು ಹಾಳೆಯೂ ಉಳಿದಿರುವುದಿಲ್ಲ.

ಉಯಿಲು ಕಾಣುತ್ತಿಲ್ಲ ಎಂದರೆ ಅವರು ಬರೆಯದೆಯೇ ಹೋಗಿರಬೇಕು. ಆಗ ಕೌಂಟಿಯ ಪ್ರೊಬೇಟ್ ಜಡ್ಜು ಆಸ್ತಿ ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸುತ್ತಿದ್ದರು. ಸಾಮಾನ್ಯವಾಗಿ ಹೆಂಡತಿ, ಇಲ್ಲವೇ ದೊಡ್ಡ ಮಗ. ಅವರು ಜಾಮೀನುದಾರರನ್ನು ಕರೆತಂದು ಬಾಂಡ್ ಬರೆದುಕೊಡಬೇಕಿತ್ತು. ಆಮೇಲೆ ಊರಿನ ಮೂವರು ಮನೆಗೆ ಬಂದು ಒಂದೊಂದು ವಸ್ತುವನ್ನೂ ನೋಡಿ ಬೆಲೆ ಕಟ್ಟುತ್ತಿದ್ದರು. ನಮ್ಮ ಪಂಚನಾಮೆ ಇದ್ದ ಹಾಗೆ. ಅದೇ ನಿಮ್ಮ ಉದ್ದನೆಯ ಪಟ್ಟಿ. ಅದರ ಹಿಂದೆ ಸಾಲ ತೀರಿಸಿದ ಲೆಕ್ಕ, ವಿಧವೆಗೆ ಅಳೆದುಕೊಟ್ಟ ಪಾಲು, ಮೈನರ್ ಮಕ್ಕಳಿಗೆ ಪೋಷಕರ ನೇಮಕ, ಮಕ್ಕಳು ಪಾಲು ಪಡೆದ ರಸೀದಿಗಳು ಇರಬೇಕು. 31 ಪುಟಕ್ಕೆ ಅಷ್ಟೂ ಇದ್ದೇ ಇರುತ್ತದೆ.

ನಿಮ್ಮ ಹತ್ತಿರ ಇರುವುದು ಮೂಲ ಕಾಗದವೋ, ಗುಮಾಸ್ತರು ದೊಡ್ಡ ಪುಸ್ತಕಕ್ಕೆ ಇಳಿಸಿಕೊಂಡ ನಕಲೋ ನೋಡಿ. ಮೂಲವಾದರೆ ಸಹಿಗಳು ಬೇರೆ ಬೇರೆ ಕೈಬರಹದಲ್ಲಿ ಇರುತ್ತವೆ. ಸಾಧ್ಯವಾದರೆ ಎರಡನ್ನೂ ಓದಿ, ಯಾಕೆಂದರೆ ನಕಲಿನಲ್ಲಿ ಅಂಕಿ ತಪ್ಪುವುದು ಜಾಸ್ತಿ. ವುಸ್ಟರ್ ಕೌಂಟಿಯ 1731ರಿಂದ 1881ರವರೆಗಿನ ಮೂಲ ಫೈಲುಗಳು ಅಮೆರಿಕನ್ ಆನ್ಸೆಸ್ಟರ್ಸ್ ತಾಣದಲ್ಲೂ ಇವೆ. ಆ ಕೌಂಟಿ ಹುಟ್ಟಿದ್ದೇ 1731ರಲ್ಲಿ. ಅದಕ್ಕೂ ಹಿಂದಿನವರನ್ನು ಹುಡುಕಬೇಕಾದರೆ ಮಿಡಲ್‌ಸೆಕ್ಸ್, ಸಫೋಕ್, ಹ್ಯಾಂಪ್‌ಶೈರ್ ಕೌಂಟಿಗಳ ಕಡತಕ್ಕೆ ಹೋಗಬೇಕು.

ಬರಹಕ್ಕೆ ಹೆದರಬೇಡಿ. ನಮ್ಮಜ್ಜ ಮೋಡಿ ಲಿಪಿಯ ಕಾಗದ ಓದುತ್ತಿದ್ದರು. 'ಗೊತ್ತಿರೋ ಹೆಸರಿನಿಂದ ಅಕ್ಷರ ಹಿಡಿ' ಅನ್ನುತ್ತಿದ್ದರು. ಇಲ್ಲೂ ಅದೇ ದಾರಿ. ಹಿರಿಯರ ಹೆಸರು, ಊರ ಹೆಸರು, ತಿಂಗಳ ಹೆಸರು ಹುಡುಕಿ ಅವುಗಳ ಅಕ್ಷರಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಪದದ ನಡುವೆ 'ಎಫ್' ಥರ ಕಾಣುವ ಉದ್ದನೆಯ ಅಕ್ಷರ ಎಷ್ಟೋ ಕಡೆ 'ಎಸ್' ಆಗಿರುತ್ತದೆ. 'ವೈ' ಬರೆದು ಮೇಲೆ ಪುಟ್ಟ 'ಇ' ಹಾಕಿದ್ದರೆ ಅದನ್ನು 'ದಿ' ಎಂದು ಓದಿ.

ಮೊದಲು ಎರಡು ವಿಷಯ ನೋಡಿ ಹೇಳಿ. ಬಾಂಡಿನ ಮೇಲೆ ಇರುವ ಪೂರ್ತಿ ತಾರೀಖು ಏನು? 2,850ರ ಹತ್ತಿರ ಪುಟ್ಟದಾಗಿ ಏನಾದರೂ ಬರೆದಿದೆಯಾ?

ವುಸ್ಟರ್ ಸೊಸೆ

ಸಹಿಗಳು ಬೇರೆ ಬೇರೆ ಥರ ಇವೆ, ಹಾಗಾದರೆ ಮೂಲವೇ! ಹೆಂಡತಿಯ ಹೆಸರಿನ ಹತ್ತಿರ ಸಹಿ ಇಲ್ಲ, ಅಡ್ಡ ಗೀಟು ಉದ್ದ ಗೀಟು ಹಾಕಿ 'ಅವಳ ಗುರುತು' ಎಂದು ಬರೆದಿದ್ದಾರೆ. ನಮ್ಮ ಕಡೆ ಹೆಬ್ಬೆಟ್ಟು ಒತ್ತಿದ ಹಾಗೆ.

ಬಾಂಡಿನ ತಾರೀಖು 'ಮಾರ್ಚ್ 5, 1749/50'. ಎರಡು ವರ್ಷ ಯಾಕೆ ಬರೆದರೋ ಗೊತ್ತಾಗಲಿಲ್ಲ. ಜೊತೆಗೆ 'ಎರಡನೇ ಜಾರ್ಜ್ ಅರಸರ ಇಪ್ಪತ್ಮೂರನೇ ವರ್ಷ' ಎಂದಿದೆ. ಮೊತ್ತದ ಪಕ್ಕ 'ಓ.ಟಿ.' ಅಂತ ಎರಡಕ್ಷರ.

ಲೆಕ್ಕದ ಮೇಷ್ಟ್ರು

ಮಗಳೇ, ಆ 'ಓ.ಟಿ.' ಎಂದರೆ ಓಲ್ಡ್ ಟೆನರ್, ಬೆಲೆ ಕುಸಿದ ಹಳೇ ಕಾಗದದ ನೋಟಿನ ಲೆಕ್ಕ. ಅದನ್ನು ನೋಡದೆ ಮೊತ್ತ ಓದಿದರೆ ಮನೆಯವರೆಲ್ಲ ಶ್ರೀಮಂತರಾಗಿ ಕಾಣುತ್ತಾರೆ. ನಾನು ಮೈಸೂರಿನಲ್ಲಿ ಕಾಮರ್ಸ್ ಪಾಠ ಮಾಡಿ ನಿವೃತ್ತನಾದವನು. ಹಳೇ ನಾಣ್ಯದ ಲೆಕ್ಕ ನನಗೆ ಪ್ರಾಣ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಅಂಕಣ ತಿಳಿಯಿರಿ. 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ನಮ್ಮಲ್ಲಿ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಇತ್ತಲ್ಲ, ಆ ಜಾತಿಯ ಲೆಕ್ಕ.

ಮ್ಯಾಸಚೂಸೆಟ್ಸ್‌ನವರು 1690ರಲ್ಲಿ ಕ್ವಿಬೆಕ್ ಮೇಲೆ ದಂಡೆತ್ತಿ ಹೋದರು. ಸೈನಿಕರಿಗೆ ಕೊಡಲು ಬೆಳ್ಳಿ ಇರಲಿಲ್ಲ. ಆಗ ಕಾಗದದ ನೋಟು ಹೊರಡಿಸಿದರು. ಆಮೇಲೆ ಪ್ರತಿ ಯುದ್ಧಕ್ಕೂ ಇನ್ನಷ್ಟು ನೋಟು. ನೋಟು ಹೆಚ್ಚಾದಂತೆ ಬೆಲೆ ಕುಸಿಯಿತು. 1745ರಲ್ಲಿ ಇಲ್ಲಿನವರು ಫ್ರೆಂಚರಿಂದ ಲೂಯಿಸ್‌ಬರ್ಗ್ ಕೋಟೆ ಗೆದ್ದರು. ಆ ಖರ್ಚನ್ನು ಇಂಗ್ಲೆಂಡಿನ ಪಾರ್ಲಿಮೆಂಟ್ ತುಂಬಿಕೊಟ್ಟಿತು. 1749ರಲ್ಲಿ ಬೆಳ್ಳಿ ತುಂಬಿದ ಪೆಟ್ಟಿಗೆಗಳು ಹಡಗಿನಲ್ಲಿ ಬಾಸ್ಟನ್‌ಗೆ ಬಂದವು. ಆ ಬೆಳ್ಳಿ ಕೊಟ್ಟು ಹಳೇ ನೋಟುಗಳನ್ನು ವಾಪಸ್ ಪಡೆದರು. ದರ ಇಷ್ಟು: ಒಂದು ಸ್ಪ್ಯಾನಿಷ್ ಬೆಳ್ಳಿ ಡಾಲರಿಗೆ ಹಳೇ ನೋಟಿನಲ್ಲಿ 45 ಶಿಲಿಂಗ್. ಅದೇ ಡಾಲರಿಗೆ ಹೊಸ ಲೆಕ್ಕದಲ್ಲಿ, ಅಂದರೆ ಲಾಫುಲ್ ಮನಿಯಲ್ಲಿ, 6 ಶಿಲಿಂಗ್. 45ನ್ನು 6ರಿಂದ ಭಾಗಿಸಿ, ಏಳೂವರೆ.

ಹೊಸ ಲೆಕ್ಕ ಜಾರಿಗೆ ಬಂದದ್ದು 1750ರ ಮಾರ್ಚ್ ಕೊನೆಯಲ್ಲಿ. ನಿಮ್ಮ ಪಟ್ಟಿ ಅದಕ್ಕೆ ಕೆಲವೇ ದಿನ ಮುಂಚಿನದು. 2,850ನ್ನು ಏಳೂವರೆಯಿಂದ ಭಾಗಿಸಿ. 380 ಪೌಂಡ್. ಒಳ್ಳೆಯ, ಮರ್ಯಾದಸ್ಥ ರೈತ ಕುಟುಂಬ. ಭಾರಿ ಸಾಹುಕಾರರಲ್ಲ. ಇನ್ನೊಂದು ಮಾತು: ನ್ಯೂ ಇಂಗ್ಲೆಂಡಿನ ಪಟ್ಟಿಗಳಲ್ಲಿ ಜಮೀನು, ಮನೆಯನ್ನೂ ಸೇರಿಸಿ ಬರೆಯುತ್ತಿದ್ದರು. ಜಮೀನು ಎಷ್ಟು, ಚರ ಸ್ವತ್ತು ಎಷ್ಟು, ಬೇರೆ ಮಾಡಿ ನೋಡಿ.

ವುಸ್ಟರ್ ಸೊಸೆ

ಮೇಷ್ಟ್ರೇ, ರಾತ್ರಿ ಹನ್ನೊಂದರವರೆಗೆ ಕೂತು ಎಲ್ಲ ಭಾಗಿಸಿದೆ. ಜಮೀನು ಮತ್ತು ಮನೆ ಓಲ್ಡ್ ಟೆನರ್‌ನಲ್ಲಿ 1,950. ಅಂದರೆ 260 ಪೌಂಡ್. ಉಳಿದದ್ದು 900, ಅಂದರೆ 120.

ಪಟ್ಟಿಯ ಕೆಲವು ಸಾಲು ಇಲ್ಲಿ ಹಾಕುತ್ತೇನೆ, ನೀವೆಲ್ಲ ನೋಡಿ. ಅವರು ಉಡುತ್ತಿದ್ದ ಬಟ್ಟೆ ಎಲ್ಲ ಸೇರಿ 60 ಪೌಂಡ್. ಒಂದು ಜೊತೆ ಎತ್ತು 75. ಒಂದು ಹಸು 22 ಪೌಂಡ್ 10 ಶಿಲಿಂಗ್. 'ಪುಕ್ಕದ ಹಾಸಿಗೆ ಮತ್ತು ಅದರ ಫರ್ನಿಚರ್' 45 ಪೌಂಡ್. ಬೈಬಲ್ ಮತ್ತು ಹಳೇ ಪುಸ್ತಕ 3 ಪೌಂಡ್ 15 ಶಿಲಿಂಗ್. ದೊಡ್ಡ ರಾಟೆ ಒಂದು, ಕಾಲಲ್ಲಿ ತುಳಿಯುವ ರಾಟೆ ಒಂದು. ಇದೆಲ್ಲ ಓಲ್ಡ್ ಟೆನರ್‌ನಲ್ಲಿ.

ಒಂದು ಹಾಸಿಗೆಗೆ ಸರಿಯಾಗಿ ಎರಡು ಹಸುವಿನ ಬೆಲೆ! ಇದು ನಿಜವಾ, ನಾನು ತಪ್ಪು ಓದಿದೆನಾ?

ಹಳೇ ಕಾಗದ

ಸರಿಯಾಗೇ ಓದಿದ್ದೀರಿ. ಆ ಕಾಲದ ಪಟ್ಟಿಗಳಲ್ಲಿ ಮನೆಯೊಳಗಿನ ದುಬಾರಿ ವಸ್ತು ಹಾಸಿಗೆಯೇ. ಹಾಸಿಗೆಯ 'ಫರ್ನಿಚರ್' ಎಂದರೆ ಮೇಜು ಕುರ್ಚಿ ಅಂದುಕೊಳ್ಳಬೇಡಿ. ಅದರ ಹೊದಿಕೆ, ಕಂಬಳಿ, ದಿಂಬು, ಸುತ್ತಲಿನ ಪರದೆ, ಎಲ್ಲ ಸೇರಿ ಒಂದು ಸೆಟ್. ಅಷ್ಟೂ ಬಟ್ಟೆ. ಬಟ್ಟೆಯ ಹಿಂದೆ ಕುರಿ, ಅಗಸೆ ನಾರು, ರಾಟೆ, ಮಗ್ಗ, ವರ್ಷಗಟ್ಟಲೆ ಹೆಂಗಸರ ದುಡಿಮೆ. ಪುಕ್ಕ ತುಂಬೋಕೆ ಎಷ್ಟು ಬಾತುಕೋಳಿ ಬೇಕು ಯೋಚಿಸಿ.

ಈಗ ನಾನು ಕೇಳಿದ ತಾರೀಖಿನ ವಿಷಯ. ಇದನ್ನು ಮಾವನಿಗೆ ಹೇಳುವಾಗ ಹತ್ತಿರ ಕೂತು ಹೇಳಿ.

1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ನಮ್ಮ ಪಂಚಾಂಗದಲ್ಲಿ ಇನ್ನೂ ಹಳೇ ಸಂವತ್ಸರವೇ ನಡೆಯುತ್ತಿರುತ್ತದೆ, ಯುಗಾದಿ ಬಂದ ಮೇಲೆ ಹೊಸದು. ಹಾಗೇ ಅವರ 1749 ಶುರುವಾದದ್ದು ಮಾರ್ಚ್ 25ಕ್ಕೆ. ಅದರಲ್ಲಿ ಏಪ್ರಿಲ್, ಮೇ ಮೊದಲು ಬಂದವು. ಫೆಬ್ರವರಿ ಬಂದದ್ದು ವರ್ಷದ ಕೊನೆಯಲ್ಲಿ. ಗೊಂದಲ ಬೇಡ ಎಂದೇ 1749/50 ಎಂದು ಎರಡನ್ನೂ ಬರೆಯುತ್ತಿದ್ದರು.

ಅರಸರ ವರ್ಷದಿಂದಲೂ ತಾಳೆ ನೋಡಿದೆ. ಎರಡನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1727ರ ಜೂನ್‌ನಲ್ಲಿ. ಇಪ್ಪತ್ಮೂರನೇ ವರ್ಷ ಎಂದರೆ 1749ರ ಜೂನ್‌ನಿಂದ 1750ರ ಜೂನ್. ಅದರೊಳಗೆ ಬರುವ ಮಾರ್ಚ್ 5 ನಮ್ಮ ಲೆಕ್ಕದಲ್ಲಿ 1750ರದ್ದೇ. ಬೈಬಲ್‌ನಲ್ಲಿ ಬರೆದವರು ಹಳೇ ಬರಹದಿಂದ 1749 ಎಂದಷ್ಟೇ ಇಳಿಸಿಕೊಂಡಿರಬೇಕು.

ಮಗು ಹುಟ್ಟಿದ್ದು ಮೇ 1749. ಅಪ್ಪ ಹೋದದ್ದು ಅದಾದ ಮೇಲಿನ ಫೆಬ್ರವರಿ. ಮಗುವಿಗೆ ಆಗ ಒಂಬತ್ತು ತಿಂಗಳು.

ವುಸ್ಟರ್ ಸೊಸೆ

ಇದನ್ನು ಓದಿ ಒಂದು ಗಂಟೆ ಸುಮ್ನೆ ಕೂತಿದ್ದೆ.

ಪಟ್ಟಿಯ ಮೂರನೇ ಪುಟದಲ್ಲಿ ಒಂದು ಸಾಲು ನನಗೆ ಹತ್ತಲೇ ಇಲ್ಲ ಎಂದು ಬಿಟ್ಟಿದ್ದೆ. ಈಗ ಮತ್ತೆ ನೋಡಿದೆ. ಕಬ್ಬಿಣದ ಮಡಕೆ, ಅದರ ಕೊಂಡಿ, ತವರದ ತಟ್ಟೆ ಆರು. ಅದರ ಕೆಳಗೆ 'ಒಂದು ತೊಟ್ಟಿಲು ಮತ್ತು ಸಣ್ಣ ಪೆಟ್ಟಿಗೆ, 15 ಶಿಲಿಂಗ್'. ಹೊಸ ಲೆಕ್ಕದಲ್ಲಿ 2 ಶಿಲಿಂಗ್. ಆ ಮೂವರು ಬಂದು ಬೆಲೆ ಕಟ್ಟಿದ ದಿನ ಆ ತೊಟ್ಟಿಲಲ್ಲಿ ಮಗು ಇತ್ತು. ಅಪ್ಪ ತೂಗಿದ ತೊಟ್ಟಿಲು ಅದು.

ಮಾವನಿಗೆ ಇನ್ನೂ ಹೇಳಿಲ್ಲ. ಭಾನುವಾರ ಊಟಕ್ಕೆ ಬರುತ್ತಾರೆ.

ತೀರ್ಥಹಳ್ಳಿ ಮಗಳು

ಕಣ್ಣು ತುಂಬಿ ಬಂತು ಅಕ್ಕ. ನಮ್ಮ ಮನೇಲಿ ತೊಟ್ಟಿಲು ಅಟ್ಟದ ಮೇಲಿದೆ, ಯಾರೂ ಬೆಲೆ ಕಟ್ಟಿಲ್ಲ. ಹೆಂಡತಿಗೆ ಏನು ಸಿಕ್ಕಿತು ಅಂತ ಕಾಗದದಲ್ಲಿ ಇದೆಯಾ? ಒಂಬತ್ತು ತಿಂಗಳ ಕೂಸು ಕಟ್ಟಿಕೊಂಡು ಆ ತಾಯಿ ಏನು ಮಾಡಿದಳು ಅನ್ನೋದೇ ನನ್ನ ತಲೆಯಲ್ಲಿ.

ಹಳೇ ಕಾಗದ

ಆ ಕಾಲದ ಇಲ್ಲಿನ ಕಾನೂನು ಹೇಳುತ್ತೇನೆ. ಉಯಿಲು ಇಲ್ಲದೆ ಗಂಡ ಸತ್ತು ಮಕ್ಕಳಿದ್ದರೆ, ಸಾಲ ತೀರಿಸಿ ಉಳಿದ ಚರ ಸ್ವತ್ತಿನಲ್ಲಿ ಮೂರನೇ ಒಂದು ಪಾಲು ವಿಧವೆಗೆ ಸ್ವಂತ. ಜಮೀನು, ಮನೆಯಲ್ಲೂ ಮೂರನೇ ಒಂದು ಪಾಲು, ಆದರೆ ಅದು ಬದುಕಿರುವವರೆಗೆ ಅನುಭವಿಸೋಕೆ ಮಾತ್ರ. ಮಾರುವ ಹಾಗಿಲ್ಲ. ಅವಳ ನಂತರ ಮಕ್ಕಳಿಗೆ. ಮಕ್ಕಳಲ್ಲಿ ದೊಡ್ಡ ಮಗನಿಗೆ ಎರಡು ಪಾಲು, ಉಳಿದ ಗಂಡು ಹೆಣ್ಣು ಎಲ್ಲರಿಗೂ ಒಂದೊಂದು. ಮ್ಯಾಸಚೂಸೆಟ್ಸ್‌ನಲ್ಲಿ ಈ ಜೋಡಿ ಪಾಲು 1789ರಲ್ಲಿ ಹೋಯಿತು.

ವಿಧವೆಯ ಪಾಲನ್ನು ಅಳೆದುಕೊಟ್ಟ ಹಾಳೆ ಬೇರೆಯೇ ಇರುತ್ತದೆ. ಅದನ್ನು ಖಂಡಿತ ಓದಿ. ಹೆಂಗಸರು ಹೇಗೆ ಬದುಕಿದರು ಎಂದು ನಿಜವಾಗಿ ಗೊತ್ತಾಗುವುದು ಆ ಹಾಳೆಯಲ್ಲೇ. ಗಂಡ ಇರುವಾಗ ಹೆಂಡತಿ ಹೆಸರಲ್ಲಿ ಸ್ವತ್ತು ಇರುತ್ತಿದ್ದದ್ದು ಅಪರೂಪ. ಹಾಗಾಗಿ ಅವಳ ಹೆಸರು ಕಡತಕ್ಕೆ ಬರುವುದೇ ಅವನು ಸತ್ತ ಮೇಲೆ.

ವುಸ್ಟರ್ ಸೊಸೆ

ಸಿಕ್ಕಿತು! ಹದಿನೆಂಟನೇ ಪುಟ. ಎರಡು ದಿನ ಹಿಡಿಯಿತು ಓದೋಕೆ. ಅವಳಿಗೆ ಕೊಟ್ಟದ್ದು: ಮನೆಯ ಪಶ್ಚಿಮದ ಕೋಣೆ. ಅದರ ಮೇಲಿನ ಅಟ್ಟದ ಕೋಣೆ. ನೆಲಮಾಳಿಗೆಯಲ್ಲಿ ಮೂರನೇ ಒಂದು ಭಾಗ. 'ಓವನ್‌ನಲ್ಲಿ ಬ್ರೆಡ್ ಸುಡಲು ಮತ್ತು ಬಾವಿಗೆ ಹೋಗಿಬರಲು ಎಂದಿಗೂ ತಡೆ ಇಲ್ಲದ ಹಕ್ಕು'. ಮುಂಬಾಗಿಲಿನಿಂದ ಒಳಗೆ ಬರುವ ಹಕ್ಕು. ಕೊಟ್ಟಿಗೆಯ ಪಶ್ಚಿಮ ತುದಿ. ಸೇಬಿನ ತೋಟದಲ್ಲಿ ಮೂರು ಸಾಲು ಮರ.

ತನ್ನದೇ ಮನೆಯ ಬಾಗಿಲಲ್ಲಿ ಒಳಗೆ ಬರೋಕೆ ಅವಳಿಗೆ ಕಾಗದ ಬೇಕಾಯಿತು.

ತೀರ್ಥಹಳ್ಳಿ ಮಗಳು

ನಮ್ಮಲ್ಲೂ ಹೀಗೇ ಇತ್ತು ಅಕ್ಕ. ನಮ್ಮಜ್ಜಿಯ ಮೈದುನಂದಿರು ಹಿಸೆ ಆದಾಗ ಬರೆದ ಪಾಲುಪಟ್ಟಿ ನಾನು ನೋಡಿದ್ದೇನೆ. ಅಜ್ಜಿಗೆ ಜಗುಲಿ ಪಕ್ಕದ ಕೋಣೆ, ಬಚ್ಚಲೊಲೆಯಲ್ಲಿ ನೀರು ಕಾಯಿಸಿಕೊಳ್ಳೋದು, ವರ್ಷಕ್ಕೆ ಇಷ್ಟು ಖಂಡುಗ ಅಕ್ಕಿ, ಬಾವಿ ಹಗ್ಗ ಎಲ್ಲರಿಗೂ ಸೇರಿದ್ದು ಅಂತ. ಅಜ್ಜಿ ಆ ಕಾಗದವನ್ನು ಕುಂಕುಮದ ಪೆಟ್ಟಿಗೆ ಕೆಳಗೆ ಇಟ್ಟುಕೊಂಡಿದ್ದರು. ಜಗಳ ಆಡಿ ತೋರಿಸಿದ್ದು ಒಂದು ಸಲವೂ ಇಲ್ಲ, ಆದರೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಸೇಲಂ ಅಳಿಯ

ಈ ಚರ್ಚೆಯಲ್ಲಿ ಒಂದು ನೋವಿನ ವಿಷಯ ಹೇಳಲೇಬೇಕು. ನನ್ನ ಹೆಂಡತಿಯ ಹಿರಿಯರು ಎಸೆಕ್ಸ್ ಕೌಂಟಿಯವರು, ಹಡಗು ವ್ಯಾಪಾರ. ಅವರ ಪಟ್ಟಿ ಓದುತ್ತಾ ಹೋದೆ. ಬೆಳ್ಳಿ ಚಮಚ, ಕನ್ನಡಿ, ಅದಾದ ಮೇಲೆ 'ಒಬ್ಬ ನೀಗ್ರೋ ಹೆಂಗಸು', ಬರೀ ಒಂದು ಹೆಸರು, ಮುಂದೆ ಬೆಲೆ. ಅದರ ಕೆಳಗೆ ಕುದುರೆ. ಅವಳ ಬಗ್ಗೆ ಬೇರೆ ಯಾವ ಕಾಗದವೂ ನನಗೆ ಸಿಕ್ಕಿಲ್ಲ. ಆ ಒಂದು ಸಾಲೇ ಅವಳ ಎಲ್ಲ ಗುರುತು. ಗುಲಾಮಗಿರಿ ಎಂದರೆ ದಕ್ಷಿಣದ ಹತ್ತಿ ತೋಟ ಮಾತ್ರ ಎಂದು ನಾನೂ ಅಂದುಕೊಂಡಿದ್ದೆ. ಮ್ಯಾಸಚೂಸೆಟ್ಸ್‌ನ 1641ರ ಕಾನೂನಿನಲ್ಲೇ ಅದಕ್ಕೆ ಜಾಗ ಇತ್ತು.

ನಿಮ್ಮ ವುಸ್ಟರ್ ಕೌಂಟಿಯಲ್ಲೇ ನಡೆದದ್ದು ಕ್ವಾಕ್ ವಾಕರ್ ಎಂಬ ಗುಲಾಮನ ಮೊಕದ್ದಮೆ. 1754ರಲ್ಲಿ ಜೇಮ್ಸ್ ಕಾಲ್ಡ್‌ವೆಲ್ ಎಂಬ ರೈತ ಆ ಪುಟ್ಟ ಹುಡುಗನನ್ನು ತಂದೆತಾಯಿ ಸಮೇತ ಕೊಂಡ. 1763ರಲ್ಲಿ ಕಾಲ್ಡ್‌ವೆಲ್ ಸತ್ತ. ಆಸ್ತಿ ಹಂಚುವಾಗ ಆ ಹುಡುಗ ವಿಧವೆಯ ಪಾಲಿಗೆ ಹೋದ. ಇಲ್ಲಿ ನೀವೆಲ್ಲ ಮಾತಾಡುತ್ತಿರುವ ಅದೇ ವಿಧವೆಯ ಪಾಲು. ಆಕೆ ಆಮೇಲೆ ನಥೇನಿಯಲ್ ಜೆನಿಸನ್‌ನನ್ನು ಮದುವೆಯಾದಳು. ಆಕೆಯೂ ಹೋದ ಮೇಲೆ ಜೆನಿಸನ್ ಅವನನ್ನು ತನ್ನ ಸ್ವತ್ತು ಎಂದು ಇಟ್ಟುಕೊಂಡ. ಬಿಡುಗಡೆ ಮಾಡುತ್ತೇವೆ ಎಂದು ಕೊಟ್ಟ ಮಾತು ನಡೆಯಲಿಲ್ಲ. 1781ರಲ್ಲಿ ವಾಕರ್ ಓಡಿಹೋದ. ಜೆನಿಸನ್ ಹಿಡಿದು ಹೊಡೆದ. ವಾಕರ್ ಕೋರ್ಟಿಗೆ ಹೋದ. 1783ರಲ್ಲಿ ಮುಖ್ಯ ನ್ಯಾಯಾಧೀಶ ವಿಲಿಯಂ ಕುಶಿಂಗ್, ಮ್ಯಾಸಚೂಸೆಟ್ಸ್ ಸಂವಿಧಾನಕ್ಕೂ ಗುಲಾಮಗಿರಿಗೂ ಹೊಂದುವುದಿಲ್ಲ ಎಂದು ಜ್ಯೂರಿಗೆ ಹೇಳಿದರು.

ನಿಮ್ಮ ಫೈಲಿನಲ್ಲಿ ಅಂಥ ಸಾಲು ಇದ್ದರೆ ಮುಚ್ಚಿಡಬೇಡಿ. ಆ ಹೆಸರನ್ನು ಬರೆದಿಡಿ. ಅವರ ವಂಶದವರು ಎಲ್ಲೋ ಹುಡುಕುತ್ತಿರಬಹುದು.

ವುಸ್ಟರ್ ಸೊಸೆ

ನಿಮ್ಮ ಮಾತು ಓದಿ ಪೂರ್ತಿ ಪಟ್ಟಿ ಇನ್ನೊಮ್ಮೆ ನೋಡಿದೆ. ನಮ್ಮ ಫೈಲಿನಲ್ಲಿ ಇಲ್ಲ. ಆದರೆ ಬೆಲೆ ಕಟ್ಟಲು ಬಂದ ಮೂವರಲ್ಲಿ ಒಬ್ಬರ ಸ್ವಂತ ಪ್ರೊಬೇಟ್ ಫೈಲು ಪಕ್ಕದಲ್ಲೇ ಇತ್ತು, ತೆರೆದೆ. ಅದರಲ್ಲಿ ಒಬ್ಬ ಹುಡುಗನ ಹೆಸರಿದೆ. ಅದನ್ನೂ, ಪುಟದ ಸಂಖ್ಯೆಯನ್ನೂ ಬರೆದಿಟ್ಟುಕೊಂಡೆ. ಊರಿನ ಇತಿಹಾಸ ಸಂಘದವರಿಗೆ ಕಳಿಸುತ್ತೇನೆ.

ಚೆನ್ನೈ ವಕೀಲ

ನಮ್ಮ ಕಡೆ ಇಂಥ ಫೈಲು ಯಾಕೆ ಸಿಗುವುದಿಲ್ಲ ಎಂದು ನನ್ನನ್ನು ಇಬ್ಬರು ಖಾಸಗಿಯಾಗಿ ಕೇಳಿದರು. ಚುಟುಕಾಗಿ ಹೇಳುತ್ತೇನೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದದ್ದು ಬಂಗಾಳ ಸೀಮೆಗೂ, ಮದ್ರಾಸ್ ಮತ್ತು ಬೊಂಬಾಯಿ ನಗರಗಳಿಗೂ ಮಾತ್ರ. ಹಳೇ ಮೈಸೂರು, ಧಾರವಾಡ, ಮಂಗಳೂರಿನ ಮನೆಗಳಲ್ಲಿ ಪಾಲುಪಾರೀಕತ್ತು, ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರ, ಕಂದಾಯ ದಾಖಲೆ, ಇವನ್ನೇ ಹುಡುಕಬೇಕು. ಭಾರತದಲ್ಲಿ ಸತ್ತ ಕಂಪನಿ ಸರ್ಕಾರದ ಇಂಗ್ಲಿಷರ ಉಯಿಲು, ಸಾಮಾನಿನ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಹರಾಜಿನಲ್ಲಿ ಯಾವ ಸಾಮಾನು ಯಾರು ಕೊಂಡರು ಎಂಬುದೂ ಅಲ್ಲಿ ಸಿಗುತ್ತದೆ.

ಪ್ಲಿಮತ್ ಹತ್ತಿರದವ

ಬಾಯಿಮಾತಿನ ಉಯಿಲೂ ಇರುತ್ತಿತ್ತು, ಗೊತ್ತಾ? ಇಂಗ್ಲೆಂಡಿನಿಂದ ವಲಸೆಗಾರರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ವಿಲಿಯಂ ಮಲ್ಲಿನ್ಸ್ 1621ರ ಚಳಿಗಾಲದಲ್ಲಿ ಪ್ಲಿಮತ್‌ನಲ್ಲಿ ಸಾಯುತ್ತಾ ಮಲಗಿದ್ದಾಗ ಹೇಳಿದ್ದನ್ನು ಪಕ್ಕದವರು ಬರೆದುಕೊಂಡರು. ಅದರಲ್ಲಿ 21 ಡಜನ್ ಶೂ, 13 ಜೊತೆ ಬೂಟು ಲೆಕ್ಕಕ್ಕಿವೆ. ಹೊಸ ನಾಡಿನಲ್ಲಿ ಮಾರೋಣ ಎಂದು ತಂದ ಚಪ್ಪಲಿ ಸರಕು. ಆ ಚಳಿಗಾಲದಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಉಳಿಯಲಿಲ್ಲ. ಆ ಸಾಲು ಓದಿದಾಗಲೆಲ್ಲ ಖಾಲಿ ಬೂಟುಗಳೇ ಕಣ್ಣಿಗೆ ಬರುತ್ತವೆ.

ವುಸ್ಟರ್ ಸೊಸೆ

ಲೆಕ್ಕದ ಮೇಷ್ಟ್ರಿಗೆ ಇನ್ನೊಂದು ಕೆಲಸ. 1751ರ ಲೆಕ್ಕ ಲಾಫುಲ್ ಮನಿಯಲ್ಲಿದೆ. ಚರ ಸ್ವತ್ತು 120 ಪೌಂಡ್. ಸಾಲ, ಖರ್ಚು 45. ಖರ್ಚಿನಲ್ಲಿ 'ಹೆಣ ಹೊತ್ತವರಿಗೆ ಆರು ಜೊತೆ ಕೈಗವಸು', ರಮ್, ವೈದ್ಯರ ಬಾಕಿ ಇದೆ. ಮಕ್ಕಳು ನಾಲ್ವರು. ದೊಡ್ಡ ಮಗನಿಗೆ 22, ಮಗಳಿಗೆ 16, ಮತ್ತೊಬ್ಬ ಮಗನಿಗೆ 11, ಆಮೇಲೆ ನಮ್ಮ ಕೂಸು. ಜಮೀನನ್ನು ಒಡೆದರೆ ಹಾಳಾಗುತ್ತದೆ ಎಂದು ಪೂರ್ತಿ ದೊಡ್ಡ ಮಗನಿಗೇ ಬಿಟ್ಟುಕೊಟ್ಟಿದ್ದಾರೆ. ಮಾವ ಹೇಳುತ್ತಿದ್ದದ್ದು ಇದನ್ನೇ ಅನ್ನಿಸುತ್ತೆ.

ಲೆಕ್ಕದ ಮೇಷ್ಟ್ರು

ಬಿಟ್ಟುಕೊಟ್ಟರು, ಆದರೆ ಪುಕ್ಕಟೆ ಅಲ್ಲ. ಆ ಕಾನೂನಿನಲ್ಲಿ ಜಮೀನು ಇಟ್ಟುಕೊಂಡವನು ಉಳಿದವರ ಪಾಲನ್ನು ಹಣದಲ್ಲಿ ಕೊಡಲೇಬೇಕು.

ನೋಡಿ. 120ರಲ್ಲಿ 45 ಹೋದರೆ 75. ತಾಯಿಗೆ 25. ಉಳಿದ 50ನ್ನು ಐದು ಪಾಲು ಮಾಡಿ, ಒಂದು ಪಾಲು 10. ಜಮೀನು 260. ತಾಯಿಯ ಮೂರನೇ ಒಂದು ತೆಗೆದರೆ 173 ಪೌಂಡ್ 6 ಶಿಲಿಂಗ್ 8 ಪೆನ್ಸ್. ಅದರ ಐದನೇ ಒಂದು ಪಾಲು 34 ಪೌಂಡ್ 13 ಶಿಲಿಂಗ್ 4 ಪೆನ್ಸ್. ಅಂದರೆ ಕೂಸಿನ ಪಾಲು ಎಲ್ಲ ಸೇರಿ 44 ಪೌಂಡ್ 13 ಶಿಲಿಂಗ್ 4 ಪೆನ್ಸ್. ಹದಿನೈದು ಹಸುವಿನ ಬೆಲೆಗೆ ಹತ್ತಿರ. ಬರಿಗೈ ಅಲ್ಲ.

ದೊಡ್ಡವನ ಕಡೆಯಿಂದಲೂ ನೋಡಿ. 22ರ ಹುಡುಗ. ಜಮೀನಿನ ಲೆಕ್ಕಕ್ಕೇ ತಂಗಿ, ತಮ್ಮಂದಿರಿಗೆ 104 ಪೌಂಡ್ ಕೊಡಬೇಕು. ಹತ್ತು ಜೊತೆ ಎತ್ತಿನ ಬೆಲೆ. ಕೈಯಲ್ಲಿ ಇದ್ದದ್ದು ಒಂದು ಜೊತೆ.

ಹಳೇ ಕಾಗದ

ಇನ್ನೊಂದು ಮಾತು ಅಕ್ಕ. 14 ದಾಟಿದ ಮಕ್ಕಳು ತಮ್ಮ ಪೋಷಕರನ್ನು ತಾವೇ ಆರಿಸಿಕೊಳ್ಳಬಹುದಿತ್ತು, ಚಿಕ್ಕವರಿಗೆ ಜಡ್ಜು ನೇಮಿಸುತ್ತಿದ್ದರು. ಕೂಸಿನ ಪೋಷಕ ಯಾರು? ತಾಯಿಯ ಬಾಂಡಿಗೆ ಜಾಮೀನು ನಿಂತವರು ಯಾರು? ಎರಡೂ ಕಡೆ ಒಂದೇ ಮನೆತನದ ಹೆಸರು ಇದ್ದರೆ ಅವಳ ತವರಿನವರೇ ಇರಬಹುದು.

ವುಸ್ಟರ್ ಸೊಸೆ

ಇದೆ! ಎರಡೂ ಕಡೆ ಒಂದೇ ಮನೆತನದ ಹೆಸರು. ಪಕ್ಕದ ಊರಿನ ಹಳೇ ಜನನ ದಾಖಲೆಯಲ್ಲಿ ಹುಡುಕಿದೆ. ಅದೇ ಮನೆಯಲ್ಲಿ ಅವಳ ಹೆಸರಿನ ಮಗಳು, ವಯಸ್ಸೂ ಸರಿಹೊಂದುತ್ತದೆ, ಪೋಷಕನಾದವನು ಅವಳ ಅಣ್ಣ. ಕೂಸನ್ನು ಸೋದರಮಾವ ನೋಡಿಕೊಂಡಿದ್ದಾನೆ. ಬೈಬಲ್‌ನಲ್ಲಿ ಅವಳದ್ದು ಬರೀ ಹೆಸರಿತ್ತು. 270 ವರ್ಷದ ಮೇಲೆ ಅವಳಿಗೆ ತವರುಮನೆ ಸಿಕ್ಕಿತು.

ಕೊನೇ ಪುಟಗಳಲ್ಲಿ ರಸೀದಿಗಳಿವೆ. ಜೂನ್ 1770, ಹುಡುಗನಿಗೆ 21 ತುಂಬಿ ಒಂದು ತಿಂಗಳು. 'ನನ್ನ ಅಣ್ಣನಿಂದ ನನ್ನ ಪೂರ್ತಿ ಪಾಲು ಪಡೆದಿದ್ದೇನೆ.' ಕೆಳಗೆ ಅವನದ್ದೇ ಸಹಿ, ದುಂಡಗೆ. ತಾಯಿ ಗುರುತು ಹಾಕಿದವಳು, ಮಗ ಬರೆಯಲು ಕಲಿತಿದ್ದಾನೆ. ತಾಯಿ 1774ರವರೆಗೆ ಇದ್ದಳು. ಆಮೇಲೆ ಪಶ್ಚಿಮದ ಕೋಣೆಯ ಲೆಕ್ಕ ಹಂಚಿ, ಅವನಿಗೆ ಇನ್ನೂ 17 ಪೌಂಡ್ 6 ಶಿಲಿಂಗ್ 8 ಪೆನ್ಸ್ ಬಂದಿದೆ. ಅಣ್ಣ ಅದನ್ನೂ ಕೊಟ್ಟಿದ್ದಾನೆ.

ತೀರ್ಥಹಳ್ಳಿ ಮಗಳು

ಭಾನುವಾರ ಏನಾಯಿತು ಅಕ್ಕ? ಮಾವ ಏನಂದರು?

ವುಸ್ಟರ್ ಸೊಸೆ

ಊಟ ಆದ ಮೇಲೆ ಎಲ್ಲ ಪುಟ ದೊಡ್ಡದಾಗಿ ಪ್ರಿಂಟ್ ಮಾಡಿ ಮೇಜಿನ ಮೇಲೆ ಹರಡಿದೆ. ಮಗಳು ಒಂದೊಂದೇ ಓದಿದಳು. ಹಣದ ವಿಷಯಕ್ಕೆ ಮಾವ ತಲೆಯಾಡಿಸಿದರು, ಅಷ್ಟೇ. ಅಣ್ಣನ ವಿಷಯಕ್ಕೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 'ನಮ್ಮಪ್ಪನೂ ಅವನನ್ನು ಬೈಯುತ್ತಿದ್ದ' ಎಂದರು. ತೊಟ್ಟಿಲಿನ ಸಾಲನ್ನು ಎರಡು ಸಲ ಓದಿಸಿದರು. ತಾರೀಖಿನ ಲೆಕ್ಕವನ್ನು ಬೆರಳು ಮಡಿಸಿ ತಾವೇ ಎಣಿಸಿದರು, ಮೇ, ಜೂನ್, ಜುಲೈ ಅಂತ, ಫೆಬ್ರವರಿವರೆಗೆ.

ಬೈಬಲ್ ತರಿಸಿದರು. ಪೆನ್ಸಿಲ್ ಕೇಳಿದರು. ಹಿರಿಯರು ಬರೆದದ್ದನ್ನು ಹೊಡೆದುಹಾಕಲಿಲ್ಲ. 1749ರ ಪಕ್ಕ ಒಂದು ಓರೆ ಗೀಟು ಎಳೆದು 50 ಎಂದು ಬರೆದರು.